ಲೈನ್ ಕೊಡುವ ಮೊದಲು

ರಾಮಾಂಜಿನಯ್ಯನ ಬದುಕನ್ನು ಒಂದೇ ಮಾತಿನಲ್ಲಿ ಹೇಳಿ ಮುಗಿಸಬಹುದು. ಆ ಮಾತು ಕನ್ನಡದ್ದಲ್ಲ, ಇಂಗ್ಲಿಷಿನದು: ಲೈನ್. ಇಂಗ್ಲಿಷಿನವರು ಅದಕ್ಕೆ ಎಷ್ಟು ಅರ್ಥ ಇಟ್ಟುಕೊಂಡಿದ್ದಾರೋ ನನಗೆ ಗೊತ್ತಿಲ್ಲ. ನಮ್ಮ ತುಮಕೂರು ಕಡೆಯವರು ಸೇರಿಸಿರುವುದನ್ನು ಕಂಡರೆ ಅವರೇ ಕಂಗಾಲಾದಾರು. ಬಸ್ಸು ಓಡುವುದೂ ಲೈನು, ನಲ್ಲಿಯ ಮುಂದೆ ನಿಲ್ಲುವುದೂ ಲೈನು, ಹುಡುಗಿಯ ಹಿಂದೆ ಸುತ್ತುವುದೂ ಲೈನು, ಪೋಲಿ ಬಿದ್ದವನು ಸುಧಾರಿಸಿದರೆ 'ಲೈನಿಗೆ ಬಂದ'. ಇಷ್ಟೂ ಲೈನುಗಳಲ್ಲಿ ರಾಮಾಂಜಿನಯ್ಯ ಓಡಾಡಿದ್ದಾನೆ. ಕೊನೆಗೆ ಒಂದು ಲೈನಿನ ಮೇಲೆ ಸುಟ್ಟು ಹೋಗಬೇಕಾಗಿದ್ದವನು. ಆವತ್ತು ಆ ಲೈನಿನ ಸ್ವಿಚ್ಚಿನ ಮೇಲೆ ಇದ್ದದ್ದು ನನ್ನ ಕೈ.

ನಾನು ಷಡಕ್ಷರಿ, ಗುಬ್ಬಿಯವನು. ಚೇಳೂರು ಕಡೆಗೆ ಕರೆಂಟು ಹಂಚುವ ಒಂದು ಸಬ್‌ಸ್ಟೇಷನ್ನಿನಲ್ಲಿ ಆಪರೇಟರ್ ಆಗಿದ್ದೆ, ಈಗ ರಿಟೈರ್ ಆಗಿ ಮನೆಯಲ್ಲಿ ಕೂತಿದ್ದೇನೆ. ಕೋಪ ನನಗೆ ಮೂಗಿನ ತುದಿಯಲ್ಲೇ ಇರುತ್ತದೆ ಎಂದು ಮನೆಯವರು ದೂರುತ್ತಾರೆ. ಕರೆಂಟು ಹೋಗಿ ಇನ್ನೂ ಫ್ಯಾನು ಪೂರ್ತಿ ನಿಂತಿರುವುದಿಲ್ಲ, ಅಷ್ಟರಲ್ಲೇ ಸ್ಟೇಷನ್ನಿಗೆ ಫೋನ್ ಮಾಡಿ 'ಯಾವಾಗ್ ಬತ್ತದೆ' ಎಂದು ಕೇಳುವ ಜನರನ್ನು ಜೀವಮಾನವಿಡೀ ಸುಧಾರಿಸಿದವನಿಗೆ ಬೇರೆ ಎಲ್ಲಿ ಇರಬೇಕು ಕೋಪ?

ರಾಮಾಂಜಿನಯ್ಯನ ಅಪ್ಪ ಹುತ್ರಿದುರ್ಗದವನು. ಅಕ್ಕಿ ಗಿರಣಿಯಲ್ಲಿ ಮೂಟೆ ಹೊರಲು ತುಮಕೂರಿಗೆ ಬಂದು ಮರಳೂರಿನಲ್ಲಿ ಒಂದು ಲೈನ್‌ಮನೆ ಬಾಡಿಗೆಗೆ ಹಿಡಿದ. ಲೈನ್‌ಮನೆ ಎಂದರೆ ಒಂದರ ಗೋಡೆಗೆ ಇನ್ನೊಂದು ಅಂಟಿಕೊಂಡ ಮನೆಗಳ ಸಾಲು. ಮೊದಲ ಮನೆಯಲ್ಲಿ ಒಗ್ಗರಣೆ ಹಾಕಿದರೆ ಕೊನೆಯ ಮನೆಯವನು ಸೀನಬೇಕು. ಎಲ್ಲರಿಗೂ ಸೇರಿ ಒಂದು ನಲ್ಲಿ, ಅದರ ಮುಂದೆ ಬಿಂದಿಗೆಗಳ ಲೈನು. ಶಾಲೆಗೆ ಹೋದರೆ ಅಲ್ಲಿ 'ಲೈನ್ ಮೇಲೆ ಬರಿಯೋ' ಎಂದು ಮೇಷ್ಟ್ರು ಕಿವಿ ಹಿಂಡುತ್ತಿದ್ದರಂತೆ. ಈಗಲೂ ಅವನ ಅಕ್ಷರ ಗೆರೆ ಬಿಟ್ಟು ಮೇಲಕ್ಕೆ ಹತ್ತುತ್ತದೆ. ನಾನು ಬೈದರೆ, 'ನನ್ ಕೆಲ್ಸಾನೇ ಹತ್ತೋದಲ್ವಾ ಸಾ' ಎನ್ನುತ್ತಾನೆ.

ಐಟಿಐ ಮುಗಿಸಿ ಕೆಲಸ ಸಿಗದೆ ಇದ್ದಾಗ ಬಿಸ್ಕತ್ತು ಏಜೆನ್ಸಿಯ ವ್ಯಾನಿಗೆ ಸೇರಿಕೊಂಡ. ಅಂಗಡಿ ಅಂಗಡಿಗೆ ಮಾಲು ಇಳಿಸುವ ಆ ವ್ಯಾನಿನವರಿಗೆ ದಾರಿಯೇ ಲೈನು. ಇವನಿಗೆ ಸಿಕ್ಕಿದ್ದು ಕುಣಿಗಲ್ ಲೈನು. ಕುಣಿಗಲ್ಲಿನ ಒಂದು ಪೆಟ್ಟಿಗೆ ಅಂಗಡಿಯಲ್ಲಿ ಅಪ್ಪನ ಬದಲು ಮಗಳು ಹನುಮಕ್ಕ ಕೂರುತ್ತಿದ್ದಳು. ಆ ಅಂಗಡಿಗೆ ಬೇಡವಾದಷ್ಟು ಬಿಸ್ಕತ್ತು ಇಳಿಯತೊಡಗಿತು. ಲೈನ್ ಹೊಡೆದು ಮದುವೆಯಾದವರು ನೀವು ಎಂದು ನಾನು ರೇಗಿಸಿದರೆ ಹನುಮಕ್ಕ ಒಪ್ಪುವುದಿಲ್ಲ.

"ಅವ್ರೆಲ್ಲಿ ಲೈನ್ ಹೊಡುದ್ರಣ್ಣ. ಒಂದ್ ಬಾಕ್ಸ್ ಇಳ್ಸಕ್ಕೆ ಅರ್ಧ ದಿನ ತಗಳ್ಳೋರು, ಅಷ್ಟೇಯ."

ಮದುವೆಯಾದ ಮೇಲೆ ಕರೆಂಟಿನ ಕೆಲಸ ಸಿಕ್ಕಿತು. ಚೇಳೂರು ಹೋಬಳಿಗೆ ಬಂದ, ಅಲ್ಲೇ ಒಂದು ಹಳ್ಳಿಯಲ್ಲಿ ಮನೆ ಮಾಡಿದ. ಆರ್ಡರಿನಲ್ಲಿ ಆ ಹುದ್ದೆಗೆ ಈಗ ಬೇರೆ ಹೆಸರು ಬರೆಯುತ್ತಾರೆ. ಊರವರ ಬಾಯಲ್ಲಿ ಮಾತ್ರ ಅವನು ಅಂದೂ ಇಂದೂ ಲೈನ್‌ಮನ್.

ನನಗೂ ಅವನಿಗೂ ಗೆಳೆತನವಾದದ್ದು ಫೋನಿನಲ್ಲಿ. ನಮ್ಮ ಕೆಲಸದಲ್ಲಿ 'ಲೈನ್ ಕ್ಲಿಯರ್' ಎಂದು ಒಂದಿದೆ. ಕಂಬ ಹತ್ತುವ ಮೊದಲು ಲೈನ್‌ಮನ್ ಸ್ಟೇಷನ್ನಿಗೆ ಫೋನ್ ಮಾಡಿ, ಇಂಥ ಲೈನು ನನಗೆ ಬೇಕು ಎನ್ನುತ್ತಾನೆ. ನಾನು ಆ ಲೈನಿನ ಕರೆಂಟು ತೆಗೆದು ಅವನಿಗೊಂದು ನಂಬರು ಕೊಡುತ್ತೇನೆ. ಅಲ್ಲಿಂದ ಆ ತಂತಿ ಅವನದು. ಅವನು ಕೆಳಗಿಳಿದು, ತನ್ನ ಬಾಯಿಂದಲೇ ನಂಬರು ಹೇಳಿ ವಾಪಸ್ ಕೊಡುವ ತನಕ ಯಾರೇ ಬಂದು ತಲೆ ಕೆಳಗಾಗಿ ನಿಂತರೂ ನಾನು ಕರೆಂಟು ಬಿಡುವ ಹಾಗಿಲ್ಲ. ತೆಗೆದುಕೊಂಡವನೇ ವಾಪಸ್ ಕೊಡಬೇಕು. ಇದು ಕಾನೂನು.

ಕಾನೂನು ಸರಿಯಾಗಿಯೇ ಇದೆ, ಫೋನಿಗೆ ಮುಖವಿಲ್ಲ, ಅಷ್ಟೇ ತೊಂದರೆ. ನಾನು ಕೆಲಸಕ್ಕೆ ಸೇರಿದ ಹೊಸದರಲ್ಲಿ ಬೇರೆ ಕಡೆ ಒಬ್ಬನ ಪರವಾಗಿ ಇನ್ನೊಬ್ಬ ನಂಬರು ಹೇಳಿಬಿಟ್ಟ. ಕಂಬದಿಂದ ಇಳಿಸಿದ ದೇಹವನ್ನು ನಾನು ನೋಡಿದ್ದೇನೆ. ಹೇಗಿತ್ತು ಎಂದು ಬರೆಯುವುದಿಲ್ಲ. ಅವತ್ತಿನಿಂದ ನಾನು ನಂಬರು ಕೇಳಿದ ಮೇಲೆ ಇನ್ನೊಂದು ಮಾತು ಕೇಳುವುದನ್ನು ರೂಢಿ ಮಾಡಿಕೊಂಡೆ.

"ಊಟ ಆಯ್ತೇನಯ್ಯ?"

ಎಲ್ಲರೂ ಎಲ್ಲರನ್ನೂ ಕೇಳುವ ಮಾತು ಅದು. ಕೆಳಗೆ ನಿಂತು ಕೇಳಿಸಿಕೊಂಡವರಿಗೆ ಹರಟೆ ಎನ್ನಿಸಬೇಕು. ಆದರೆ ಉತ್ತರ ಕೇಳುವಾಗ ನನ್ನ ಕಿವಿ ನೆಟ್ಟಗಾಗಿರುತ್ತದೆ. ಇಂಥವನು ಇಂಥ ದಿನ ಏನು ತಿನ್ನುತ್ತಾನೆ, ಹೇಗೆ ಹೇಳುತ್ತಾನೆ ಎಂದು ನನಗೆ ಗೊತ್ತು. ರಾಮಾಂಜಿನಯ್ಯನಿಗಂತೂ ನಾನು ಲಿಂಗಾಯತರವನು, ಮಾಂಸ ಮುಟ್ಟದವನು ಎಂಬುದೇ ಒಂದು ತಮಾಷೆ. 'ಮುದ್ದೆ, ಕೋಳಿ ಸಾರು ಸಾ. ಕಳ್ಸಿಕೊಡ್ಲಾ?' ಎಂದು ವಾರಕ್ಕೊಮ್ಮೆಯಾದರೂ ನನ್ನಿಂದ ಬೈಸಿಕೊಳ್ಳುತ್ತಿದ್ದ. ಶನಿವಾರ ಮಾತ್ರ ಅವನು ಬೇರೆ ಮನುಷ್ಯ. ಆಂಜನೇಯನ ಒಕ್ಕಲು. ಗುಡಿಗೆ ಹೋಗಿ ಬಂದು ನೆನೆಸಿದ ಅವಲಕ್ಕಿ ತಿಂದರೆ ಮುಗಿಯಿತು. ಶನಿವಾರ ಅವನ ಬಾಯಲ್ಲಿ ಕೋಳಿಯ ಹೆಸರೂ ಬರುತ್ತಿರಲಿಲ್ಲ.

ಅದು ಶನಿವಾರ. ಹಿಂದಿನ ದಿನ ಗಾಳಿಯೆದ್ದು ಒಂದು ತೆಂಗಿನ ಮರ ತಂತಿಯ ಮೇಲೆ ಒರಗಿತ್ತು. ರಾಮಾಂಜಿನಯ್ಯ ಬೆಳಿಗ್ಗೆ ಲೈನ್ ಕ್ಲಿಯರ್ ತೆಗೆದುಕೊಂಡ. ಅದೇ ಲೈನಿನ ಕೊನೆಯ ಊರಿನಲ್ಲಿ ಹೊಸ ಸಮುದಾಯ ಭವನದ ಉದ್ಘಾಟನೆ. ಜನರೇಟರು ಸರಿಯಾದ ಹೊತ್ತಿಗೆ ಕೈಕೊಟ್ಟಿತ್ತು. ಮೈಕಿಲ್ಲ, ಫ್ಯಾನಿಲ್ಲ, ಬಂದ ದೊಡ್ಡವರು ಬೆವರು ಒರೆಸಿಕೊಳ್ಳುತ್ತ ಕೂತಿದ್ದಾರೆ. ನನ್ನ ಫೋನು ಒಂದೇ ಸಮನೆ ಬಡಿದುಕೊಳ್ಳುತ್ತಿತ್ತು. ನಾನೂ ಒಂದೇ ಸಮನೆ ಬೈಯುತ್ತಿದ್ದೆ. ಆಗ ರಾಮಾಂಜಿನಯ್ಯನ ನಂಬರಿನಿಂದ ಫೋನ್ ಬಂತು.

"ಲೈನ್ ಕ್ಲಿಯರ್ ವಾಪಸ್ ಸಾ. ಎಲ್ಲಾ ಇಳ್ದಿದೀವಿ. ಲೈನ್ ಕೊಡಿ."

ನಂಬರು ಹೇಳಿದ. ಸರಿಯಾಗಿತ್ತು. ದನಿಯೂ ಅವನದೇ. ನಾನು ಪ್ಯಾನಲ್ಲಿನ ಮುಂದೆ ನಿಂತು ಆ ಲೈನಿನ ಸ್ವಿಚ್ಚಿನ ಹ್ಯಾಂಡಲ್ಲಿನ ಮೇಲೆ ಕೈಯಿಟ್ಟಿದ್ದೆ. ತಿರುಗಿಸುವುದಷ್ಟೇ ಬಾಕಿ. ನಿಜ ಹೇಳುತ್ತೇನೆ, ಅವತ್ತಿನ ಗಲಾಟೆಯಲ್ಲಿ ಕೇಳದೆಯೇ ಇರಬಹುದಿತ್ತು. ಬಾಯಿಗೆ ಅಭ್ಯಾಸವಾಗಿಹೋಗಿತ್ತು, ಅದೇ ಕೇಳಿತು.

"ಊಟ ಆಯ್ತೇನಯ್ಯ?"

"ಆಯ್ತು ಸಾ. ಮುದ್ದೆ, ಕೋಳಿ ಸಾರು."

ಹ್ಯಾಂಡಲ್ಲು ನನ್ನ ಕೈಯಲ್ಲಿ ತಣ್ಣಗಾಯಿತು. ನಿಧಾನವಾಗಿ ಕೈ ತೆಗೆದೆ.

"ಯಾರಪ್ಪ ಮಾತಾಡ್ತಿರೋದು?"

"ನಾನೇ ಸಾ, ರಾಮಾಂಜಿನಯ್ಯ."

"ರಾಮಾಂಜಿನಯ್ಯ ಶನಿವಾರ ಕೋಳಿ ತಿನ್ನಲ್ಲ. ನೀನ್ಯಾರು ಹೇಳು."

ಆ ಕಡೆಯ ದನಿ ಸಣ್ಣದಾಯಿತು. "ಲಕ್ಷ್ಮೀಕಾಂತ ಸಾ."

ಲಕ್ಷ್ಮೀಕಾಂತ್ ಎಂದರೆ ರಾಮಾಂಜಿನಯ್ಯನ ಅಕ್ಕನ ಮಗ, ಅವನ ಗ್ಯಾಂಗಿನಲ್ಲೇ ಕೆಲಸಕ್ಕಿದ್ದವನು. ಹೆಂಡತಿ ಮಕ್ಕಳಿರುವ ಗಂಡಸು. ದನಿ ಮಾವನದೇ ಅಚ್ಚು. ಕಂಬ ಹತ್ತುವಾಗ ರಾಮಾಂಜಿನಯ್ಯ ಫೋನನ್ನು ಇವನ ಕೈಗೆ ಕೊಟ್ಟು ಹೋಗುತ್ತಿದ್ದ. ಜೇಬಿನಲ್ಲಿ ಫೋನು ಬಡಿದುಕೊಂಡರೆ ಕೈ ತಾನಾಗಿ ಅತ್ತ ಹೋಗುತ್ತದೆ, ಕಂಬದ ಮೇಲೆ ಅದು ಒಳ್ಳೆಯದಲ್ಲ ಎಂದು. ಬೆಳಿಗ್ಗೆ ಮಾವ ನಂಬರು ತಿರುಗಿ ಹೇಳಿದ್ದನ್ನೂ, ಆಗಾಗ ಕೋಳಿ ಸಾರು ಎಂದು ತಮಾಷೆ ಮಾಡುವುದನ್ನೂ ಇವನು ಪಕ್ಕದಲ್ಲೇ ನಿಂತು ಕೇಳಿಸಿಕೊಂಡಿದ್ದ. ಅದನ್ನೇ ಒಪ್ಪಿಸಿದ್ದ. ಇವತ್ತು ಯಾವ ವಾರ ಎಂಬುದನ್ನು ಆ ಅವಸರದಲ್ಲಿ ಮರೆತಿದ್ದ.

"ನಿಮ್ಮಾವ ಎಲ್ಲಿ?"

"ಮರ ತೆಗುದ್ ಮ್ಯಾಕೆ ಬೆಲ್ಟು ಹೆಗಲಿಗಾಕ್ಕಂಡು ಕೆರೆ ಏರಿ ಕಡೀಕೆ ಹೋದ್ರು ಸಾ. ಮನಿಗೋದ್ರು ಅನ್ಸುತ್ತೆ. ಭವನದೋರು ಬೈಕಲ್ಲಿ ಬಂದು ನಿಂತವ್ರೆ, ಬುಡ್ತಾನೇ ಇಲ್ಲ."

"ಅನ್ಸುತ್ತೆ ಅಂತ ಲೈನ್ ಕೇಳ್ತೀಯೇನ್ಲಾ? ತಂತೀಗೆ ಹಾಕಿದ್ ಅರ್ತಿಂಗ್ ಸರಪಳಿ ಇದೆಯೋ ಇಲ್ವೋ?"

"ಬಿಚ್ಚಿ ಸುತ್ತಿಟ್ಟಿದೀನಿ ಸಾ."

ಅಕಸ್ಮಾತ್ ಕರೆಂಟು ಹರಿದರೂ ಮನುಷ್ಯನಿಗೆ ತಗಲದ ಹಾಗೆ ಅದನ್ನು ನೆಲಕ್ಕೆ ಎಳೆದುಕೊಳ್ಳುವುದು ಆ ಸರಪಳಿ. ಅದೂ ಇಲ್ಲ ಎಂದಮೇಲೆ ರಾಮಾಂಜಿನಯ್ಯನಿಗೂ ಸಾವಿಗೂ ನಡುವೆ ಉಳಿದಿದ್ದದ್ದು ಈ ಸ್ಟೇಷನ್ನಿನ ಹ್ಯಾಂಡಲ್ಲು ಒಂದೇ. ಓಡಿ ಹೋಗಿ ಹುಡುಕು, ಸಿಕ್ಕ ಕೂಡಲೇ ಫೋನ್ ಅವನ ಕೈಗೆ ಕೊಡು ಎಂದು ಕಿರುಚಿ, ಪ್ಯಾನಲ್ಲಿಗೆ ಬೀಗ ಹಾಕಿ, ಕೀಯನ್ನು ಬನಿಯನ್ನಿನೊಳಗೆ ಹಾಕಿಕೊಂಡೆ.

ರಾಮಾಂಜಿನಯ್ಯ ಮನೆಗೆ ಹೋಗಿರಲಿಲ್ಲ. ಹೇಗೂ ಲೈನು ಸತ್ತಿದೆ, ಇರುವಾಗಲೇ ನಾಲ್ಕು ಕಂಬ ನೋಡಿಕೊಂಡು ಬರೋಣ ಎನ್ನುವುದು ಅವನ ಹಳೆಯ ಚಾಳಿ. ಕೆರೆಯ ಆಚೆ ಒಂದು ತೋಟದೊಳಗಿನ ಕಂಬದಲ್ಲಿ ತಂತಿ ಕೂರಿಸುವ ಪಿಂಗಾಣಿ ಬಟ್ಟಲು ಬಿರುಕು ಬಿಟ್ಟಿದ್ದು ಕಂಡು, ಯಾರಿಗೂ ಹೇಳದೆ ಹತ್ತಿ, ಬೆಲ್ಟು ಬಿಗಿದು, ಬರಿಗೈಯಲ್ಲಿ ತಂತಿ ಹಿಡಿದುಕೊಂಡು ಕೂತಿದ್ದ. ನಾನು ಕೊಟ್ಟ ನಂಬರು ಅವನ ಹತ್ತಿರವೇ ಇದೆ, ತಾನು ಹೇಳುವ ತನಕ ಕರೆಂಟು ಬರುವುದಿಲ್ಲ ಎಂಬ ಪೂರ್ಣ ನಂಬಿಕೆ ಅವನಿಗೆ. ಇದೆಲ್ಲ ನನಗೆ ಆಮೇಲೆ ಗೊತ್ತಾದದ್ದು. ಆ ಹೊತ್ತಿನಲ್ಲಿ ಅವನು ಎಲ್ಲಿದ್ದಾನೆ ಎಂಬುದೇ ಗೊತ್ತಿರಲಿಲ್ಲ.

ಅವನ ಮನೆಗೆ ಫೋನ್ ಮಾಡಿದೆ. ಹನುಮಕ್ಕ ಎತ್ತಿದಳು.

"ರಾಮಾಂಜಿನಯ್ಯ ಬಂದಿದಾರೇನಮ್ಮ?"

"ಇನ್ನೂ ಇಲ್ಲ ಕಣಣ್ಣ. ಅವಲಕ್ಕಿ ನೆನ್ಸಿಟ್ಟು ಕಾಯ್ತಾ ಇದೀನಿ. ಯಾಕಣ್ಣ?"

ಏನಿಲ್ಲ ಎನ್ನಲು ಹೋದೆ. ಸುಳ್ಳು ಬರಲಿಲ್ಲ. ಲೈನ್‌ಮನ್ನನ ಹೆಂಡತಿಗೆ ಬಿಡಿಸಿ ಹೇಳಬೇಕಾಗಿಯೂ ಇರಲಿಲ್ಲ.

"ಎಲ್ಲವ್ರೆ ಅಂತ ಗೊತ್ತಾಗ್ಬೇಕಿತ್ತಮ್ಮ, ಲೈನ್ ಕೇಳ್ತಾವ್ರೆ," ಎಂದೆ.

ಬಾಗಿಲು ಬಡಿದ ಸದ್ದು ಕೇಳಿಸಿತು.

ಅಷ್ಟರಲ್ಲಿ ನಮ್ಮ ಸೆಕ್ಷನ್ ಆಫೀಸರ್ ಸೋಮಶೇಖರ್ ಸಾಹೇಬರ ಫೋನು. ಒಳ್ಳೆಯ ಮನುಷ್ಯರೇ. ಆದರೆ ಭವನದಲ್ಲಿ ಅವರ ಎದುರಿಗೆ ಕೂತವರು ಅವರನ್ನು ಹುರಿದು ತಿನ್ನುತ್ತಿದ್ದರು.

"ಷಡಕ್ಷರಿಯವರೇ, ಕೆಲಸ ಮುಗಿದಿದೆ ಅಂತ ಇಲ್ಲಿ ಎಲ್ಲರೂ ಹೇಳ್ತಿದಾರೆ. ಲೈನ್ ಕ್ಲಿಯರ್ ವಾಪಸ್ ಬಂದಿದೆ ತಾನೇ? ಲೈನ್ ಚಾರ್ಜ್ ಮಾಡ್ರೀ."

"ಬಂದಿಲ್ಲ ಸಾರ್. ರಾಮಾಂಜಿನಯ್ಯ ಹೇಳಿಲ್ಲ."

"ಅವನ ಫೋನಿಂದ ಬಂತಂತಲ್ಲ."

"ಫೋನಿಂದ ಬಂತು. ಅವನ ಬಾಯಿಂದ ಬಂದಿಲ್ಲ."

"ನಾನು ಆರ್ಡರ್ ಮಾಡ್ತಿದೀನಿ. ಆಗಲ್ಲ ಅಂದ್ರೆ ನಾನೇ ಬಂದು ಕೊಡ್ತೀನಿ. ಮನೆಗೆ ಹೋಗೋ ವಯಸ್ಸಲ್ಲಿ ಸಸ್ಪೆಂಡ್ ಆಗ್ಬೇಡಿ."

"ಬನ್ನಿ ಸಾರ್," ಎಂದು ಇಟ್ಟುಬಿಟ್ಟೆ.

ಧೈರ್ಯವಾಗಿ ಇಟ್ಟೆನೇ ಹೊರತು ಪೆನ್ಷನ್ನು ಕಣ್ಣ ಮುಂದೆ ಬಂತು. ಒಂದು ಪಕ್ಷ ರಾಮಾಂಜಿನಯ್ಯ ಆಂಜನೇಯನ ಗುಡಿಯಲ್ಲಿ ಮಂಗಳಾರತಿ ತೆಗೆದುಕೊಳ್ಳುತ್ತ ನಿಂತಿದ್ದರೆ? ನನ್ನ ಮರ್ಯಾದೆ ಮೂರು ಕಾಸಿಗೆ ಹರಾಜು. ಹಾಗೇ ಆಗಲಿ ತಂದೆ, ನಾನೇ ಕೋಡಂಗಿಯಾಗಲಿ ಎಂದು ನಾನು, ಒಬ್ಬ ಶಿವಭಕ್ತ, ಅವನ ಆಂಜನೇಯನಿಗೆ ಕೈ ಮುಗಿದೆ.

ಜೀಪು ಗೇಟಿನೊಳಗೆ ಬಂದಿತು. ಸಾಹೇಬರು ಬಂದವರೇ ಪ್ಯಾನಲ್ಲಿನ ಮುಂದೆ ನಿಂತು ಕೈ ಚಾಚಿದರು.

"ಕೀ ಕೊಡಿ."

"ಕೊಡಲ್ಲ."

"ರೀ, ಎಷ್ಟು ಜನ ಕಾಯ್ತಿದಾರೆ ಗೊತ್ತೇನ್ರೀ?"

"ಕಾಯ್ಲಿ ಸಾರ್. ಸೆಖೆ ಆಗಿ ಯಾರೂ ಸಾಯಲ್ಲ."

ಅವರ ಮುಖ ಕೆಂಪಾಯಿತು. ನನ್ನದೂ ಆಗಿದ್ದಿರಬೇಕು. ಅವರ ಕೈಯಲ್ಲಿ ಅವರ ಫೋನು, ನನ್ನ ಕೈಯಲ್ಲಿ ನನ್ನ ಫೋನು. ಅವರದು ಬಡಿದುಕೊಳ್ಳುತ್ತಲೇ ಇತ್ತು, ನನ್ನದು ಸುಮ್ಮನೆ ಬಿದ್ದಿತ್ತು. ಅದು ಬಡಿದುಕೊಳ್ಳಲಿ ಎಂದು ನನ್ನ ಜೀವಮಾನದಲ್ಲಿ ನಾನು ಆಸೆಪಟ್ಟದ್ದು ಅದೇ ಮೊದಲು.

ಆ ಕಡೆ ಹನುಮಕ್ಕ ತಂತಿಯ ಕೆಳಗೇ ಓಡುತ್ತಿದ್ದಳು. ಗಂಡನನ್ನು ಹುಡುಕಲು ಅವಳು ಗುಡಿಗೂ ಹೋಗಲಿಲ್ಲ, ರಸ್ತೆಗೂ ಹೋಗಲಿಲ್ಲ. ತಲೆಯೆತ್ತಿ ತಂತಿ ನೋಡುತ್ತ ಕಂಬದಿಂದ ಕಂಬಕ್ಕೆ, ಬದು ದಾಟಿ, ರಾಗಿ ಕೂಳೆಯ ಮೇಲೆ, ಕೈಯಲ್ಲಿ ಫೋನು ಹಿಡಿದುಕೊಂಡೇ, ಬರಿಗಾಲಿನಲ್ಲಿ ಓಡಿದಳು. ತೆಂಗಿನ ಗರಿಗಳ ನಡುವೆ ಮೊದಲು ಅವಳಿಗೆ ಕಂಡದ್ದು ಗಂಡನ ಅಂಗಾಲಂತೆ. ಕೂಗಿದರೆ ಎಲ್ಲಿ ಬೆದರಿ ಕೈ ಬಿಡುತ್ತಾನೋ ಎಂದು ಕೂಗಲಿಲ್ಲವಂತೆ. ಕಂಬವನ್ನು ಎರಡೂ ಕೈಯಲ್ಲಿ ತಬ್ಬಿ, ಮೆಲ್ಲಗೆ, 'ಇಳೀರಿ, ಅವಲಕ್ಕಿ ಆರೋಯ್ತದೆ' ಎಂದಳಂತೆ. ನೆನೆಸಿದ ಅವಲಕ್ಕಿ ಆರುವುದೆಲ್ಲಿಂದ ಬಂತು. ಬಾಯಿಗೆ ಬಂದದ್ದು ಹೇಳಿದ್ದಾಳೆ. ಕರೆಂಟು ಹರಿದರೆ ಆ ಕಂಬವೇ ತನ್ನನ್ನೂ ಹಿಡಿಯಬಹುದು ಎಂಬುದು ಅವಳಿಗೆ ತಿಳಿಯದ್ದಲ್ಲ. ಅವನ ಕಾಲು ನೆಲಕ್ಕೆ ತಗಲುವ ತನಕ ಕೈ ಬಿಡಲಿಲ್ಲ.

ನನ್ನ ಫೋನು ಬಡಿಯಿತು. ಹನುಮಕ್ಕನ ನಂಬರು. ಎತ್ತಿದೆ. ಯಾರೋ ಏದುಸಿರು ಬಿಡುತ್ತಿದ್ದರು. ಆಮೇಲೆ ಗಂಡಸಿನ ದನಿ.

"ರಾಮಾಂಜಿನಯ್ಯ ಸಾ. ಇಳ್ದಿದೀನಿ."

ನಂಬರು ಹೇಳಿದ. ಸರಿಯಾಗಿತ್ತು. ಆದರೂ ಕೇಳಿದೆ.

"ಊಟ ಆಯ್ತೇನಯ್ಯ?"

"ಎಲ್ಲಿ ಸಾ. ಅವಲಕ್ಕಿ ಅಲ್ಲೇ ಬುಟ್ಟು ಓಡ್ಬಂದವ್ಳೆ. ಕಾಲೆಲ್ಲಾ ರಕ್ತ. ಏನಾಯ್ತು ಅಂದ್ರೆ ಬಾಯೇ ಬುಡ್ತಿಲ್ಲ."

ಸರಪಳಿ ಬಿಚ್ಚಿದೆಯಾ, ಜನ ದೂರ ಇದ್ದಾರಾ ಎಂದು ಕೇಳಿ, ಬನಿಯನ್ನಿನೊಳಗಿಂದ ಕೀ ತೆಗೆದು, ಲೈನ್ ಕೊಟ್ಟೆ. ಸೋಮಶೇಖರ್ ಸಾಹೇಬರು ಅಲ್ಲೇ ಸ್ಟೂಲಿನ ಮೇಲೆ ಕುಸಿದು ಕೂತರು. ಎಲ್ಲವನ್ನೂ ಕೇಳಿಸಿಕೊಂಡಿದ್ದರು. ನೀರು ಕೇಳಿದರು. ಲೋಟ ಕೊಡುವಾಗ ಅರ್ಧ ನೀರು ನೆಲಕ್ಕೆ ಹೋಯಿತು. ಸಸ್ಪೆಂಡಿನ ಮಾತು ಮತ್ತೆ ಅವರೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ.

ಮುಂದಿನ ಸಲ ರಾಮಾಂಜಿನಯ್ಯ ಲೈನ್ ಕ್ಲಿಯರ್ ಕೇಳಿದಾಗ ನಾನು ಮೊದಲು ಕೇಳಿದ್ದು, "ಕೆಳಗೆ ಯಾರು ನಿಂತಿರೋದು?"

"ಲಕ್ಷ್ಮೀಕಾಂತ ಸಾ."

ನನಗೆ ರೇಗಿಹೋಯಿತು. "ಬುದ್ಧಿ ಇದೆಯೇನಯ್ಯ ನಿನಗೆ? ನಿನ್ನ ಹೆಣ ಇಳಿಸ್ತಿದ್ದ ಅವನು. ಬೇರೆ ಯಾರೂ ಸಿಗ್ಲಿಲ್ವಾ?"

"ಸಿಗ್ತಾರೆ ಸಾ. ಬ್ಯಾರೆಯೋರ್ನ ನಿಲ್ಸುದ್ರೆ ಇವ್ನು ಇನ್ನು ಬದುಕಿರೋಗಂಟ ಆ ಶನಿವಾರದಲ್ಲೇ ಇರ್ತಾನೆ. ಅವತ್ತಿಂದ ಸರಿಯಾಗಿ ಅನ್ನ ತಿಂತಿಲ್ಲ. ನಮ್ಮಕ್ಕನ್ ಮಗ ಅಲ್ವಾ." ಅಷ್ಟು ಹೇಳಿ, ಫೋನನ್ನು ಅವನ ಕೈಗೇ ಕೊಟ್ಟು ಹತ್ತಿದ.

ನಾನು ಹಲ್ಲು ಕಚ್ಚಿಕೊಂಡು ಕೂತೆ. ಸ್ವಲ್ಪ ಹೊತ್ತಿಗೆ ಅದೇ ಫೋನಿನಿಂದ ಕರೆ ಬಂತು.

"ಸಾ, ನಾನು ಲಕ್ಷ್ಮೀಕಾಂತ. ಮಾವ ಮ್ಯಾಲವ್ರೆ. ಲೈನ್ ಕೊಡ್ಬೇಡಿ."

ಯಾರೂ ಲೈನು ಕೇಳಿರಲಿಲ್ಲ. ಆಯಿತು ಎಂದು ಇಟ್ಟೆ. ಇನ್ನೂ ಕುರ್ಚಿಗೆ ಒರಗಿರಲಿಲ್ಲ, ಮತ್ತೆ ಫೋನು.

"ಸಾ, ಲಕ್ಷ್ಮೀಕಾಂತ. ಇನ್ನೂ ಮ್ಯಾಲೇ ಅವ್ರೆ ಸಾ."

ಒಂದೇ ವಿಷಯಕ್ಕೆ ಎರಡು ಸಲ ಫೋನ್ ಮಾಡಿದವರ ಜನ್ಮ ಜಾಲಾಡುವವನು ನಾನು. ಬೈಯಲು ಬಾಯಿ ತೆರೆದೆ. ಅವನ ಉಸಿರಾಟ ಕೇಳಿಸುತ್ತಿತ್ತು, ಅಳುವನ್ನು ತಡೆದುಕೊಂಡವರ ಉಸಿರಾಟ.

"ಆಯ್ತು ಕಣಪ್ಪ," ಎಂದೆ. "ಫೋನ್ ಇಡ್ಬೇಡ. ಲೈನಲ್ಲೇ ಇರು."

ರಾಮಾಂಜಿನಯ್ಯ ಕೆಳಗಿಳಿದು ಫೋನು ಇಸಿದುಕೊಳ್ಳುವ ತನಕ ಅವನು ಆ ಕಡೆ, ನಾನು ಈ ಕಡೆ, ಏನೂ ಮಾತಾಡದೆ ಹಾಗೇ ಹಿಡಿದುಕೊಂಡಿದ್ದೆವು.